ಕುರುಗೋಡಿನ ಬಸ್ಸು, ಗಾಲ್ಗಿಯ ಪಾಠ

ಬಸ್ಸು ಊರು ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ನಿಲ್ಲದೆ ಹೋದರೂ ನನ್ನ ಚೀಲದಲ್ಲಿದ್ದ ಅಕ್ಕಿಯ ಪೊಟ್ಟಣ ಒಡೆದು ಬಸ್ಸಿನ ತುಂಬ ಚೆಲ್ಲಬಹುದಿತ್ತು. ಆ ಅಕ್ಕಿಯ ಮೇಲೆ ಯಾರಾದರೂ ಕಾಲಿಟ್ಟು ಜಾರಬಹುದಿತ್ತು. ಜಾರಿದವರು ಆಸ್ಪತ್ರೆಗೆ, ನಾನು ಪೊಲೀಸ್ ಠಾಣೆಗೆ. ಕುರುಗೋಡಿನಲ್ಲಿ ಕರೆಂಟು ಹೋಗಬಹುದಿತ್ತು. ಆದರೆ ನನ್ನ ಪಾಠಕ್ಕೆ ಕರೆಂಟು ಬೇಕಿರಲಿಲ್ಲವಾದ್ದರಿಂದ ಅದು ಖಂಡಿತ ಹೋಗುವುದಿಲ್ಲ ಎಂದುಕೊಂಡೆ. ಹುಡುಗರು ನಗಬಹುದಿತ್ತು. ನಗದೇ ಇರಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಯಾರೋ ಒಬ್ಬ ಜಾಣ ಹುಡುಗಿ ಎದ್ದು ನನಗೆ ಉತ್ತರ ಗೊತ್ತಿಲ್ಲದ್ದನ್ನು ಕೇಳಬಹುದಿತ್ತು. ಅಲ್ಲಿನ ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಬಂದು ಕೂತು ಫೋನು ನೋಡುತ್ತ ನಡುನಡುವೆ ತಲೆಯಾಡಿಸಬಹುದಿತ್ತು. ಇಪ್ಪತ್ತೈದು ವರ್ಷ ಕಲಿಸಿದ ಪಾಠ ಹಲಗೆಯ ಮುಂದೆ ನಿಂತ ಕೂಡಲೇ ಮರೆತುಹೋಗಬಹುದಿತ್ತು. ಮನೆಯಲ್ಲಿ ಗ್ಯಾಸ್ ಹಾಗೇ ಬಿಟ್ಟು ಬಂದಿರಬಹುದಿತ್ತು. ಬಿಟ್ಟಿರಲಿಲ್ಲ. ಎರಡು ಸಲ ತಿರುಗಿ ಹೋಗಿ ನೋಡಿದ್ದೆ. ಮೂರನೆಯ ಸಲ ಹೋಗಲಿಲ್ಲವಲ್ಲ ಎಂಬುದೇ ಈಗಿನ ಚಿಂತೆ.

ಇವೆಲ್ಲ ಸಣ್ಣವು. ದೊಡ್ಡದು ಬೇರೆ ಇತ್ತು. ಒಬ್ಬರನ್ನು ಒಂದು ಮಾತು ಕೇಳಬೇಕಿತ್ತು. ಅದನ್ನು ಕೇಳದೆಯೇ ನಾನು ಸಂಜೆ ಮನೆಗೆ ಮರಳಿಬಿಡಬಹುದಿತ್ತು. ನನ್ನನ್ನು ಬಲ್ಲ ಯಾರೇ ಆದರೂ ಹಾಗೇ ಆಗುತ್ತದೆಂದು ಪಣ ಕಟ್ಟುತ್ತಿದ್ದರು. ಆದರೆ ನನ್ನನ್ನು ಬಲ್ಲವರು ಒಬ್ಬರೇ ಇದ್ದರು, ಮತ್ತು ಕೇಳಬೇಕಾಗಿದ್ದದ್ದು ಅವರನ್ನೇ.

ನಾನು ಸಿರುಗುಪ್ಪದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಇರುವುದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ಅವ್ವ ತೀರಿಕೊಂಡ ಮೇಲೆ ಒಬ್ಬಳೇ. ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಮೊದಲು ಜನ ಕೇಳುತ್ತಿದ್ದರು, ನಾನು ಸಿಟ್ಟಾಗುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟರು. ವಯಸ್ಸಾದದ್ದು ನನಗೆ ಗೊತ್ತಾದದ್ದು ಕನ್ನಡಿಯಿಂದಲ್ಲ, ಅದರಿಂದ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ನೇರ ಬಸ್ಸುಗಳಿವೆ. ನಾನು ಅವನ್ನು ಬಿಟ್ಟು ಕುರುಗೋಡಿನ ಮೇಲೆ ಸುತ್ತಿಕೊಂಡು ಹೋಗುವ ಬಸ್ಸು ಹತ್ತುತ್ತಿದ್ದೆ. ನೇರ ಬಸ್ಸಿನಲ್ಲಿ ಗದ್ದಲ ಹೆಚ್ಚು ಎಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದೆ. ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲೆ ಎಲ್ಲ ಬಸ್ಸಿನಲ್ಲೂ ಗದ್ದಲವೇ. ಆದರೂ ನನ್ನ ಕಾರಣ ಬದಲಾಗಲಿಲ್ಲ. ನಿಜವಾದ ಕಾರಣ ಎಡಗಡೆ ಮೂರನೆಯ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತಿರುತ್ತಿತ್ತು.

ಅವರು ಕುರುಗೋಡಿನ ಕಾಲೇಜಿನವರು. ನನ್ನದೇ ವಿಷಯ, ನನಗಿಂತ ಎಂಟು ವರ್ಷ ಹಿರಿಯರು. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ, ಕೌಲ್ ಬಜಾರಿನಲ್ಲಿ ಅಣ್ಣನ ಮನೆಯ ಮಹಡಿಯ ಮೇಲೆ ಇರುತ್ತಾರೆ. ನಾನು ಅವರನ್ನು ಅಕ್ಕಾರ ಎನ್ನುತ್ತೇನೆ. ಅವರು ನನ್ನನ್ನು ಮೇಡಂ ಎನ್ನುತ್ತಾರೆ, ಆ ಪದದಲ್ಲಿ ಎಷ್ಟು ಕುಹಕ ತುಂಬಬಹುದೋ ಅಷ್ಟು ತುಂಬಿ. ಹನ್ನೊಂದು ವರ್ಷ ಒಂದೇ ಸೀಟಿನಲ್ಲಿ ಕೂತಿದ್ದೇವೆ. ಅವರ ಮೊಣಕಾಲು ನೋವು ಯಾವ ತಿಂಗಳಲ್ಲಿ ಜಾಸ್ತಿ ಎಂಬುದು ನನಗೆ ಗೊತ್ತು. ಆದರೆ ಅವರ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲ. ನನ್ನ ಮನೆಯನ್ನು ಅವರೂ ನೋಡಿರಲಿಲ್ಲ. ಬಸ್ಸಿನ ಸ್ನೇಹ ಹಾಗೇ. ಅದು ಬಸ್ಸಿನ ಒಳಗೇ ಹುಟ್ಟಿ ಒಳಗೇ ಬೆಳೆಯುತ್ತದೆ. ಕೆಳಗಿಳಿಸಿದರೆ ಬದುಕುತ್ತದೋ ಇಲ್ಲವೋ ಯಾರೂ ನೋಡಿದವರಿಲ್ಲ.

ಆ ತಿಂಗಳ ಕೊನೆಗೆ ಅವರು ನಿವೃತ್ತರಾಗುವವರಿದ್ದರು.

ಹನ್ನೊಂದು ವರ್ಷ ಏನು ಮಾತಾಡಿದಿರಿ ಎಂದು ಯಾರಾದರೂ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಮೊಣಕಾಲು ಮತ್ತು ಅಡಿಗೆ ಬಿಟ್ಟರೆ ಬಹುಪಾಲು ಗಾಲ್ಗಿಯ ಬಗ್ಗೆ ಜಗಳವಾಡಿದ್ದೇವೆ.

ಗಾಲ್ಗಿ ಎಂದರೆ ನಮ್ಮ ಹೆಚ್ಚುಕಡಿಮೆ ಒಂದೊಂದು ಜೀವಕೋಶದೊಳಗೂ ಇರುವ ಒಂದು ಅಂಗ. ಒಂದರ ಮೇಲೊಂದು ಒಟ್ಟಿದ ಒಣ ಕಟಕ ರೊಟ್ಟಿಗಳ ಹಾಗೆ ಕಾಣುತ್ತದೆ. ಆದರೆ ಇವು ಒಳಗೆ ಟೊಳ್ಳಾದ ಚಪ್ಪಟೆ ಚೀಲಗಳು. ಕೋಶದಲ್ಲಿ ತಯಾರಾದ ಪ್ರೋಟೀನುಗಳಲ್ಲಿ ಹೊರಗೆ ಹೋಗಬೇಕಾದವು, ಕೋಶದ ಅಂಚಿಗೆ ಸೇರಬೇಕಾದವು, ಇಂಥವೆಲ್ಲ ಈ ಚೀಲಗಳ ಒಟ್ಟಿಲನ್ನು ಒಂದು ಮಗ್ಗುಲಿನಿಂದ ಹೊಕ್ಕು ಇನ್ನೊಂದು ಮಗ್ಗುಲಿನಿಂದ ಹೊರಬೀಳಬೇಕು. ನಡುವೆ ಅವಕ್ಕೆ ಸಂಸ್ಕಾರ ನಡೆಯುತ್ತದೆ. ಒಂದು ಚೀಲದಲ್ಲಿ ಇದ್ದ ಸಕ್ಕರೆಯ ತುಣುಕನ್ನು ಕತ್ತರಿಸುತ್ತಾರೆ, ಮುಂದಿನದರಲ್ಲಿ ಹೊಸ ಸಕ್ಕರೆ ಅಂಟಿಸುತ್ತಾರೆ, ಕೊನೆಗೆ ಯಾವುದು ಎಲ್ಲಿಗೆ ಎಂದು ಬೇರೆ ಮಾಡಿ ಕಳಿಸುತ್ತಾರೆ. 'ಮಾಡುತ್ತಾರೆ' ಎನ್ನುವುದು ನನ್ನ ಪಾಠದ ಚಟ. ಮಾಡುವವು ಕಿಣ್ವಗಳು, ಅವೂ ಪ್ರೋಟೀನುಗಳೇ. ಒಂದೊಂದು ಚೀಲಕ್ಕೂ ಅದರದೇ ಕೆಲಸಗಾರರು.

ಇಷ್ಟರ ತನಕ ನಮ್ಮಿಬ್ಬರದೂ ಒಂದೇ ಮಾತು. ಜಗಳ ಇದ್ದದ್ದು, ಪ್ರೋಟೀನು ಒಂದು ಚೀಲದಿಂದ ಮುಂದಿನ ಚೀಲಕ್ಕೆ ಹೋಗುವುದು ಹೇಗೆ ಎಂಬಲ್ಲಿ.

"ಚೀಲ ಕೂತಲ್ಲೇ ಕೂತಿರತಾವ್ರಿ ಅಕ್ಕಾರ" ಎನ್ನುತ್ತಿದ್ದೆ ನಾನು. "ಸರಕು ಸಣ್ಣ ಸಂಚ್ಯಾಗ ತುಂಬಿಕೊಂಡು ಒಂದರಿಂದ ಇನ್ನೊಂದಕ್ಕ ಹೋಗತೈತಿ. ಪುಸ್ತಕದಾಗೂ ಹಂಗ ಐತಿ."

"ಪುಸ್ತಕದಾಗ ಐತಿ ಅಂದ್ರ ಮುಗೀತು ನಿಮಗ. ಸಂಚ್ಯಾಗ ಹಿಡಿಲಾರದ ದೊಡ್ಡ ಸರಕು ಇರತಾವಲ್ಲ, ಅವು ಹೆಂಗ ಹೋಗತಾವ?"

ಒಂದು ದಿನ ಹೀಗೆ ಕೇಳುವ ಹೊತ್ತಿಗೇ ಬಳ್ಳಾರಿಯ ಯಾವುದೋ ಜೀನ್ಸ್ ಘಟಕದ ಪ್ಯಾಂಟುಗಳ ದೊಡ್ಡ ಗಂಟೊಂದು ಬಸ್ಸು ಹತ್ತಿತು. ದಾರ ಕತ್ತರಿಸಲು ಹಳ್ಳಿಯ ಮನೆಗಳಿಗೆ ಹೊರಟದ್ದು. ಹೊತ್ತವರು ಗಂಟಿನ ಹಿಂದೆ ಕಾಣುತ್ತಲೇ ಇರಲಿಲ್ಲ.

"ನೋಡ್ರಿ" ಎಂದರು ಅಕ್ಕಾರ, ದೇವರೇ ಕಳಿಸಿದ ಸಾಕ್ಷಿ ಎನ್ನುವ ಹಾಗೆ. "ಇದು ನಿಮ್ಮ ವ್ಯಾನಿಟಿ ಬ್ಯಾಗಿನಾಗ ಹಿಡೀತೈತೇನ್ರಿ? ಇದು ಮುಂದ ಹೋಗಬೇಕಂದ್ರ ಬಸ್ಸ ಮುಂದ ಹೋಗಬೇಕು. ಚೀಲಾನ ನಡೀತಾವು ಮೇಡಂ. ಹೊಸಾ ಚೀಲ ಈ ಕಡೆ ಹುಟ್ಟಿ, ಸರಕು ಹೊಟ್ಟ್ಯಾಗ ಇಟ್ಟಕೊಂಡು, ಮಾಗತಾ ಮಾಗತಾ ಆ ಕಡಿಗೆ ಹೋಗತೈತಿ."

ಮುಂದಿನ ಸೀಟಿನಲ್ಲಿ ದಿನಾ ಕೂರುವ ದೇಶನೂರಿನ ರೈತರೊಬ್ಬರು ತಿರುಗಿ ಕೇಳಿದರು. "ಯಾರ ಮನಿ ಜಗಳರೀ ಅಕ್ಕಾರ ಅದು? ವರ್ಷಗಟ್ಟಲೆ ಕೇಳಾಕತ್ತೀನಿ, ಇನ್ನೂ ಪಾಲಾಗವಲ್ದು."

"ಪಾಲಾಗಂಗಿಲ್ಲ ಬಿಡ್ರಿ" ಎಂದರು ಅಕ್ಕಾರ. "ಇಬ್ಬರೂ ಹಟಮಾರಿ."

ಅವರ ಕಾಲೇಜಿನವರು ಬೀಳ್ಕೊಡುಗೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಂದೆಲ್ಲ ಹೊರಟಾಗ ಅವರು ಬೇಡವೆಂದರಂತೆ. ನನಗೆ ಬಸ್ಸಿನಲ್ಲಿ ಹೇಳಿದರು. "ನೀವು ಒಂದಿನ ಇಳೀರಿ ಕುರುಗೋಡಿನ್ಯಾಗ. ಬಂದು ನಮ್ಮ ಹುಡುಗರ ಮುಂದ ಗಾಲ್ಗಿ ಪಾಠ ಮಾಡ್ರಿ. ನಾನು ಹಿಂದ ಕೂತು ಕೇಳ್ತೀನಿ. ಯಾರ ಸೋಲ್ತಾರ ನೋಡೂಣು. ನನಗ ಅದ ಸನ್ಮಾನ."

ಆಗಲೇ ನನಗೆ ಹೊಳೆದದ್ದು, ದಿನಕ್ಕೆರಡು ಸಲ ಹಾದುಹೋಗುವ ಆ ಊರಿನಲ್ಲಿ ನಾನು ಒಮ್ಮೆಯೂ ಇಳಿದಿಲ್ಲವೆಂದು. ಗುಡ್ಡ ಗೊತ್ತು, ನಿಲ್ದಾಣ ಗೊತ್ತು, ಕಿಟಕಿಯಿಂದ ಕಾಣುವಷ್ಟು ಅಂಗಡಿ ಗೊತ್ತು. ಅವರು ಇಳಿದು ಹೋಗುವಾಗ ಬೆನ್ನು ಎಷ್ಟು ದೂರದ ತನಕ ಕಾಣುತ್ತದೆಂದೂ ಗೊತ್ತು. ಅದರಾಚೆ ಗೊತ್ತಿಲ್ಲ.

ಒಪ್ಪಿಕೊಂಡೆ. ಒಪ್ಪಿಕೊಂಡ ಕೂಡಲೇ ಚಿಂತೆ ಶುರು. ಒಬ್ಬರೇ ಇರುವವರಿಗೆ ಚಿಂತೆ ಒಂದು ಬಗೆಯ ಸಂಸಾರ. ಬೆಳಿಗ್ಗೆ ಎಬ್ಬಿಸುತ್ತದೆ, ಊಟಕ್ಕೆ ಜೊತೆ ಕೂರುತ್ತದೆ. ಆ ವಾರ ನಮ್ಮ ಮನೆಯಲ್ಲಿ ನೆಂಟರು ಬಂದಷ್ಟು ಗದ್ದಲ.

ಪಾಠವನ್ನು ಹೇಗೆ ಮಾಡುವುದೆಂಬುದಕ್ಕೆ ಉಪಾಯ ಸಿಕ್ಕಿದ್ದೂ ಬಸ್ಸಿನಲ್ಲೇ. ತವರಿಗೆ ಬಂದು ಮರಳುತ್ತಿದ್ದ ಒಬ್ಬ ಹೆಣ್ಣುಮಗಳು ನಮ್ಮ ಎದುರು ನಿಂತಿದ್ದಳು. ಸೆರಗಿನಲ್ಲಿ ಉಡಿ ತುಂಬಿಸಿಕೊಂಡು, ಅದನ್ನು ಹೊಟ್ಟೆಗೆ ಬಿಗಿಯಾಗಿ ಒತ್ತಿ ಹಿಡಿದಿದ್ದಳು. ನಮ್ಮ ಕಡೆ ಹೆಣ್ಣುಮಗಳು ಊರು ಬಿಡುವಾಗ ತವರಿನವರು, ದೊಡ್ಡಪ್ಪನವರು, ಸೋದರತ್ತೆ, ಹೀಗೆ ಮನೆಮನೆಗೂ ಕರೆದು ಉಡಿ ತುಂಬುತ್ತಾರೆ. ಒಂದು ಮನೆಯಲ್ಲಿ ಅಕ್ಕಿ ಕೊಬ್ಬರಿ, ಇನ್ನೊಂದರಲ್ಲಿ ಉತ್ತತ್ತಿ ಅಡಿಕೆ, ಇನ್ನೊಂದರಲ್ಲಿ ಕುಪ್ಪಸದ ಬಟ್ಟೆಯ ಕಣ. ಹೊರಡುವ ಹೊತ್ತಿಗೆ ಉಡಿ ಭಾರ. ಅದನ್ನು ಗಂಡನ ಮನೆ ಮುಟ್ಟುವ ತನಕ ಬಿಚ್ಚುವ ಹಾಗಿಲ್ಲ.

ನಾವಿಬ್ಬರೂ ಆ ಉಡಿಯನ್ನೇ ನೋಡಿದೆವು. ಅಕ್ಕಾರ ವಿಧವೆ. ನಾನು ಮದುವೆಯಾಗದವಳು. ಊರಿನಲ್ಲಿ ಉಡಿ ತುಂಬುವ ಕಡೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಅವರನ್ನು ನೋಡಿದರೆ ಜನ ಸ್ವಲ್ಪ ಬದಿಗೆ ಸರಿಯುತ್ತಾರೆ. ನನ್ನನ್ನು ನೋಡಿದರೆ ತಟ್ಟೆ ಹಿಡಿದವರು ಒಂದು ಗಳಿಗೆ ಲೆಕ್ಕ ಹಾಕುತ್ತಾರೆ, ಲೆಕ್ಕ ಕೂಡುವುದಿಲ್ಲ, ಮುಂದಿನವರ ಬಳಿ ಹೋಗುತ್ತಾರೆ.

ಅಕ್ಕಾರ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ನಿಮ್ಮ ಗಾಲ್ಗಿ ನೋಡ್ರಿ ಮೇಡಂ. ಮನಿಮನಿಗೂ ಒಂದೊಂದು ಹಾಕಿಸಿಕೊಂಡು ಹೊಂಟೈತಿ."

ಹೀಗಾಗಿ ಆ ದಿನ ನನ್ನ ಚೀಲದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಬೆಲ್ಲದ ಅಚ್ಚು. ಅಂಗಡಿಯವರು "ಯಾರದರೀ ಮೇಡಂ, ಸೀಮಂತ?" ಎಂದು ಕೇಳಿದ್ದರು. "ಪ್ರೋಟೀನಿಂದು" ಎಂದು ಹೇಳುವ ಧೈರ್ಯವಾಗದೆ "ಸಂಬಂಧಿಕರದು" ಎಂದಿದ್ದೆ.

ಬಸ್ಸು ಕೆಡಲಿಲ್ಲ. ಅಕ್ಕಿ ಚೆಲ್ಲಲಿಲ್ಲ. ಕರೆಂಟು, ನಾನು ಹೇಳಿದ ಹಾಗೆ, ಇತ್ತು. ಪ್ರಾಂಶುಪಾಲರು ಬಂದು, ಒಂದು ನಮಸ್ಕಾರ ಹೇಳಿ, ಮೀಟಿಂಗಿಗೆ ಹೋದರು. ಮೊದಲ ವರ್ಷದ ಪಿಯುಸಿಯ ತರಗತಿ, ಕೋಣೆ ತುಂಬ ಹುಡುಗ ಹುಡುಗಿಯರು. ಅಕ್ಕಾರ ಹಿಂದೆ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತರು. ಅಲ್ಲೂ ಕಿಟಕಿಯೇ.

ಬೆಂಚು ಸರಿಸಿ ನೆಲದ ಮೇಲೆ ನಾಲ್ಕು ಸಾಲು ಕೂರಿಸಿದೆ. ಒಂದೊಂದು ಸಾಲು ಗಾಲ್ಗಿಯ ಒಂದೊಂದು ಚೀಲ. ಸಾಲಿಗೊಂದು ತಟ್ಟೆ, ಮೊದಲನೆಯದರಲ್ಲಿ ಕೊಬ್ಬರಿ, ಎರಡನೆಯದರಲ್ಲಿ ಉತ್ತತ್ತಿ, ಹೀಗೆ. ಒಬ್ಬ ಹುಡುಗಿ ದುಪಟ್ಟಾದ ಉಡಿ ಹಿಡಿದು ಪ್ರೋಟೀನು ಆದಳು.

"ಗಂಡುಮಕ್ಕಳು ಉಡಿ ತುಂಬಂಗಿಲ್ರಿ ಮಿಸ್" ಎಂದಳು ಮುಂದಿನ ಸಾಲಿನ ಒಬ್ಬಳು.

ಇದನ್ನು ನಾನು ಯೋಚಿಸಿರಲಿಲ್ಲ. ಇಷ್ಟೆಲ್ಲ ಚಿಂತೆ ಮಾಡಿದ ತಲೆಗೆ ಅರ್ಧ ತರಗತಿ ಗಂಡುಹುಡುಗರು ಇರುತ್ತಾರೆಂಬುದು ಹೊಳೆದಿರಲಿಲ್ಲ. ಗಡಿಬಿಡಿಯಲ್ಲಿ ಹುಡುಗರನ್ನೆಲ್ಲ ಎಬ್ಬಿಸಿ ಸಂಚಿ ಮಾಡಿದೆ. ನನ್ನ ಮತದ ಪ್ರಕಾರ ಸರಕನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಮುಟ್ಟಿಸುವವರು ಅವರೇ ತಾನೆ.

"ಲೇ, ನೀ ಸಂಚಿ ಅಂತ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ.

"ನೀ ಹರಕ ಸಂಚಿ" ಎಂದ ಅವನು.

ನಕ್ಕರು. ನಗದೇ ಇರಬಹುದಿತ್ತು ಎಂಬ ಚಿಂತೆ ಒಂದು ಕಳೆಯಿತು.

"ಪ್ರೋಟೀನು ಗಾಲ್ಗಿಗೆ ಬರೂಕಿಂತ ಮೊದಲ ಇನ್ನೊಂದು ಮನಿ ಐತಿ" ಎಂದೆ. "ಅದು ಹುಟ್ಟಿದ ಮನಿ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ತವರು ಅನ್ರಿ. ಮೊದಲನೇ ಸಕ್ಕರಿ ಅಲ್ಲೇ ಹಾಕಿ ಕಳಸ್ತಾರ."

"ಹಂಗಾದ್ರ ತವರ ಮನ್ಯಾಕಿ ಯಾರಾಗತಾರ್ರೀ?" ಎಂದು ಪ್ರೋಟೀನು ಹುಡುಗಿ ಕೇಳಿ, ತಾನೇ ಹಿಂದೆ ತಿರುಗಿ ಕರೆದಳು. "ನೀವ ಬರ್ರಿ ಮೇಡಂ. ಹಿರೇರು ಮೊದಲ ತುಂಬಬೇಕು."

ಕರೆದದ್ದು ಅಕ್ಕಾರರನ್ನು. ಕರೆದ ಮೇಲೆ ಅವಳಿಗೆ ನೆನಪಾಯಿತೆಂದು ಕಾಣುತ್ತದೆ, ಉಡಿ ಹಿಡಿದ ಕೈ ಸ್ವಲ್ಪ ಕೆಳಗಾಯಿತು. ಅವರನ್ನು ಅವರದೇ ಮಕ್ಕಳ ಎದುರು, ಅವರ ಕೊನೆಯ ವಾರದಲ್ಲಿ, ಹೀಗೆ ನಿಲ್ಲಿಸುವ ಆಟವನ್ನು ಹುಡುಕಿ ತಂದವಳು ನಾನು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಕೆಮ್ಮು.

ಅಕ್ಕಾರ ಎದ್ದು ಬಂದರು. ಮೊಣಕಾಲಿನಿಂದಾಗಿ ಅವರು ನಡೆಯುವುದು ನಿಧಾನ. ಮೇಜಿನ ಮೇಲಿದ್ದ ಅಕ್ಕಿ ಬೆಲ್ಲದ ತಟ್ಟೆ ತೆಗೆದುಕೊಂಡು ಹುಡುಗಿಯ ಎದುರು ನಿಂತರು.

"ಉಡಿ ಸರಿ ಹಿಡೀಲೇ" ಎಂದರು. "ಚೆಲ್ಲಿದ್ರ ನಿಮ್ಮವ್ವ ನನ್ನ ಕೇಳ್ತಾಳ."

ತುಂಬಿದರು. ಬೊಗಸೆ ತುಂಬ ಅಕ್ಕಿ, ಅದರ ಮೇಲೆ ಬೆಲ್ಲದ ಅಚ್ಚು. ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಹಂಚುವಷ್ಟು ಸಹಜವಾಗಿ ತುಂಬಿದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಕಿಟಕಿಯ ಕಡೆಗೆ ಹೋದರು.

ಪಾಠ ಶುರುವಾಯಿತು. ಸಂಚಿ ಹುಡುಗರು ಉಡಿಯವಳನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ದೊಡ್ಡ ಮರ್ಯಾದೆಯಿಂದ ಕರೆದೊಯ್ದರು. ಪ್ರತಿ ಸಾಲಿನ ಹುಡುಗಿಯರು ಒಂದೊಂದು ಹಾಕಿದರು. ನಾನು ಹಲಗೆಯ ಮೇಲೆ ಬಾಣದ ಗುರುತು ಬರೆಯುತ್ತಿದ್ದೆ, ಎಲ್ಲವೂ ಎಡದಿಂದ ಬಲಕ್ಕೆ. ಮೂರನೆಯ ಸಾಲಿಗೆ ಬಂದಾಗ ನೋಡಿದರೆ, ಹಿಂದಿನ ತಟ್ಟೆಗಳಲ್ಲಿ ಅಕ್ಕಿ ಇದೆ. ಅಲ್ಲಿ ಅಕ್ಕಿ ಇಟ್ಟಿರಲೇ ಇಲ್ಲ.

"ಅದು ಹೆಂಗ ಬಂತು?" ಎಂದೆ.

"ನಾ ಹಾಕೀನ್ರಿ" ಎಂದಳು ಪ್ರೋಟೀನು. "ಉಡಿ ತುಂಬಿದವರಿಗೆ ಒಂದು ಹಿಡಿ ತಿರುಗಿ ಹಾಕಬೇಕಲ್ರೀ ಮಿಸ್. ಇಲ್ಲಂದ್ರ ಅವರ ಮನಿ ಬರಿದಾಗತೈತಿ."

ಯಾರೂ ಹೇಳಿಕೊಟ್ಟಿರಲಿಲ್ಲ. ತುಂಬಿಸಿಕೊಂಡವಳು ಕೊಟ್ಟವರ ತಟ್ಟೆಗೆ ಒಂದು ಹಿಡಿ ಹಿಂದಿರುಗಿಸಬೇಕು ಎಂಬುದು ನಮ್ಮ ಕಡೆಯ ಹುಡುಗಿಯರ ಕೈಗೇ ಗೊತ್ತು. ನನ್ನ ಕೈಗೂ ಒಂದು ಕಾಲದಲ್ಲಿ ಗೊತ್ತಿದ್ದಿರಬೇಕು. ಆದರೆ ನನ್ನ ನಕ್ಷೆಯಲ್ಲಿ ಹಿಂದಕ್ಕೆ ಹೋಗುವ ಬಾಣವೇ ಇರಲಿಲ್ಲ. ಸರಕು ಹಿಂದಕ್ಕೆ ಹೋದರೆ ಪಾಠ ತಪ್ಪು. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಹಿಂದಿನ ಬೆಂಚಿನಿಂದ ನಗು ಕೇಳಿಸಿತು.

"ತಪ್ಪಲ್ಲ ಬಿಡ್ರಿ ಮೇಡಂ" ಎಂದರು ಅಕ್ಕಾರ. "ಹಿಂದಕ್ಕ ಹೋಗೂದೂ ಐತಲ್ಲ. ಹೇಳ್ರಿ ಅವರಿಗೆ."

ಇದೆ. ಪುಸ್ತಕದಲ್ಲೂ ಇದೆ, ಕೆಳಗೆ ಸಣ್ಣ ಅಕ್ಷರದಲ್ಲಿ. ಮುಂದೆ ಹರಿಯುವುದರ ಜೊತೆ ಆಯಾ ಚೀಲದ ಕೆಲಸಗಾರ ಕಿಣ್ವಗಳೂ ಕೊಚ್ಚಿಕೊಂಡು ಹೋಗುತ್ತಿರುತ್ತವೆ. ಅವನ್ನು ಸಣ್ಣ ಸಂಚಿಗಳಲ್ಲಿ ಹಿಡಿದು ಹಿಂದಕ್ಕೆ ತರದಿದ್ದರೆ ನಾಲ್ಕು ಸರಕು ದಾಟುವಷ್ಟರಲ್ಲಿ ಗಾಲ್ಗಿಯೇ ಬರಿದಾಗುತ್ತದೆ. ಅಕ್ಕಿ ಇಲ್ಲಿ ಸರಕೋ ಕೆಲಸಗಾರನೋ ಎಂದು ನನ್ನ ಮನಸ್ಸು ತಕರಾರು ತೆಗೆಯಿತು. ಉಪಮೆಗಳ ಬಗ್ಗೆ ನನಗೆ ನಂಬಿಕೆ ಕಡಿಮೆ, ಅವು ನಡುದಾರಿಯಲ್ಲಿ ಇಳಿದುಬಿಡುತ್ತವೆ. ಆದರೂ ಬಾಣವನ್ನು ಹಿಂದಕ್ಕೆ ಬರೆದೆ.

ಬರೆದ ಮೇಲೆ ಸೋಲು ಶುರುವಾಯಿತು. ಅಕ್ಕಾರರ ಮತದ ಪ್ರಕಾರವೂ ಒಮ್ಮೆ ಆಡಿಸಬೇಕೆಂಬುದು ನಮ್ಮ ಕರಾರು. ಈಗ ಸಾಲುಗಳನ್ನೇ ಎಬ್ಬಿಸಿದೆ. ಉಡಿಯವಳು ಒಂದು ಸಾಲಿನೊಳಗೇ ನಿಂತಳು. ಇಡೀ ಸಾಲು ಒಂದು ಹೆಜ್ಜೆ ಮುಂದೆ ಬರಬೇಕು. ತನ್ನ ತಟ್ಟೆಯನ್ನು ಹಿಂದಿನ ಸಾಲಿಗೆ ಕೊಟ್ಟು, ಎದುರಿನ ಸಾಲಿನ ತಟ್ಟೆಯನ್ನು ತಾನು ತೆಗೆದುಕೊಳ್ಳಬೇಕು. ಕೊಬ್ಬರಿಯ ಸಾಲು ಹಾಗೆ ಉತ್ತತ್ತಿಯ ಸಾಲಾಗುತ್ತದೆ. ಸಾಲು ಮುಂದಕ್ಕೆ, ತಟ್ಟೆ ಹಿಂದಕ್ಕೆ. ಸಂಚಿ ಹುಡುಗರಿಗೆ ಈಗ ತಟ್ಟೆ ಹಿಂದಕ್ಕೆ ಸಾಗಿಸುವ ಕೆಲಸ. ಮೊದಲ ಸಲ ಎರಡು ಸಾಲು ಡಿಕ್ಕಿಯಾದವು, ಉತ್ತತ್ತಿ ಯಾರೋ ತಿಂದರು. ಎರಡನೆಯ ಸಲ ಕೂಡಿಬಂತು. ಉಡಿಯವಳು ಯಾರ ಕೈಯನ್ನೂ ಹಿಡಿಯದೆ, ತನ್ನ ಸಾಲಿನವರ ನಡುವೆಯೇ ನಡೆದು, ಉಡಿ ತುಂಬಿಸಿಕೊಂಡು ಬಾಗಿಲು ಮುಟ್ಟಿದಳು. ನೋಡಲು ಅದು ನನ್ನದಕ್ಕಿಂತ ಚೆನ್ನಾಗಿತ್ತು. ಯಾರೂ ಯಾರನ್ನೂ ಹಿಂದೆ ಬಿಟ್ಟಿರಲಿಲ್ಲ.

ಆಗ ಎದ್ದಳು, ನಾನು ಹೆದರಿದ್ದ ಜಾಣ ಹುಡುಗಿ. "ಎರಡರಾಗ ಖರೇ ಯಾವದ್ರಿ ಮಿಸ್?"

"ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲವ್ವ" ಎಂದೆ. "ಚೀಲ ನಡೀತಾವು ಅನ್ನಾಕ ಈಗ ಭಾಳ ಮಂದಿ ಒಪ್ಪತಾರ. ಆದ್ರ ಕೆಲವು ಸರಕು ಬ್ಯಾರೆ ದಾರ್ಯಾಗೂ ಹೋಗತಾವಂತ ಇನ್ನೂ ಹುಡುಕಾಕತ್ತಾರ. ಎರಡೂ ಕೂಡೇ ಇರಬಹುದು."

ಅವಳು ಪೆನ್ನು ತೆಗೆದಳು. "ಪರೀಕ್ಷಿಗೆ ಯಾವದ ಬರೀಬೇಕ್ರಿ?"

"ಕೇಳಿದಷ್ಟ ಬರೀಬೇಕು" ಎಂದರು ಅಕ್ಕಾರ ಹಿಂದಿನಿಂದ. ತರಗತಿ ಮುಗಿಯಿತು.

ಸಂಜೆ ಬಸ್ಸಿನಲ್ಲಿ ಅದೇ ಸೀಟು. ಹೊಲಗಳಲ್ಲಿ ನೀರು ನಿಂತಿತ್ತು, ನಾಟಿಗೆ ಸಿದ್ಧ. ಕೇಳಬೇಕಾದ ಮಾತು ನನ್ನ ಬಾಯಲ್ಲಿತ್ತು. ಅದು ಬಹಳ ಸಣ್ಣ ಮಾತು: ನಮ್ಮ ಮನೆಗೆ ಬನ್ನಿ. ಆದರೆ ಅದನ್ನು ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಸಂತೆಯಲ್ಲಿ ಸಿಕ್ಕವರಿಗೂ, ಬಸ್ಸಿನಿಂದ ಇಳಿಯುವವರಿಗೂ "ಬರ್ರಿ ಒಮ್ಮಿ ಮನಿಗೆ" ಎನ್ನುತ್ತಾರೆ, ಅವರು "ಬರೂಣ್ರಿ" ಎನ್ನುತ್ತಾರೆ, ಯಾರೂ ಬರುವುದಿಲ್ಲ, ಯಾರಿಗೂ ಬೇಸರವಿಲ್ಲ. ಇಷ್ಟು ಸವೆದ ಮಾತನ್ನು ನಿಜವಾಗಿ ಕೇಳುವುದಿದ್ದರೆ ಹೇಗೆ ಕೇಳುವುದು? ನಿವೃತ್ತಿಯಾದ ಮೇಲೆ ಈ ಬಸ್ಸಿಲ್ಲ, ಈ ಸೀಟಿಲ್ಲ. ಕೇಳದಿದ್ದರೆ ಕೌಲ್ ಬಜಾರು ಸತ್ಯನಾರಾಯಣಪೇಟೆಯಿಂದ ಲಂಡನ್ನಿನಷ್ಟು ದೂರ.

"ಸೋತ್ರಿ" ಎಂದರು ಅಕ್ಕಾರ.

"ಸೋತೆ."

"ಒಂದು ಕೇಳ್ಲಿ? ನೇರ ಬಸ್ಸಿಗೆ ಹೋದ್ರ ಸಿರುಗುಪ್ಪ ಲಗೂನ ಮುಟ್ಟತೀರಲ್ಲ ನೀವು?"

"ಅದರಾಗ ಗದ್ದಲ ಇರತೈತ್ರಿ."

"ಇದರಾಗ ಇಲ್ಲೇನು? ಎಷ್ಟ ದಿನ ನಿಂತ ಬಂದೇವಿ."

ಅವರು ಕಿಟಕಿಯ ಸರಳಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. "ಮೊದಲನೇ ವರ್ಷಾನ ಗೊತ್ತಿತ್ತು ನನಗ. ಕೇಳಿದ್ರ ಎಲ್ಲಿ ಈ ಬಸ್ಸ ಬಿಟ್ಟುಗಿಟ್ಟೀರಿ ಅಂತ ಕೇಳಲಿಲ್ಲ."

ಬಳ್ಳಾರಿಯ ಗುಡ್ಡ ಕಾಣತೊಡಗಿತು. ಇನ್ನು ಸ್ವಲ್ಪ ಹೊತ್ತು. ಆ ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಎಲ್ಲ ವಾಕ್ಯಗಳೂ ಎಲ್ಲೋ ಇಳಿದುಹೋಗಿದ್ದವು. ಉಳಿದದ್ದು ಆ ಸವೆದ ಮಾತು ಮಾತ್ರ.

"ಬರ್ರಿ ಅಕ್ಕಾರ ಒಮ್ಮಿ ಮನಿಗೆ" ಎಂದೆ.

"ಯಾವತ್ತ?" ಎಂದರು.

ಆ ಮಾತಿಗೆ ಹಾಗೆ ಯಾರೂ ಉತ್ತರ ಕೊಡುವುದಿಲ್ಲ. ನನಗೆ ದಿನಗಳ ಹೆಸರು ಒಂದೂ ನೆನಪಾಗಲಿಲ್ಲ. "ಇವತ್ತ" ಎಂದುಬಿಟ್ಟೆ.

"ನಡೀರಿ" ಎಂದರು.

ನಿಲ್ದಾಣದಿಂದ ಆಟೊ ಹಿಡಿದೆವು. ದಾರಿಯುದ್ದಕ್ಕೂ ಮನೆ ಹೇಗೆ ಬಿಟ್ಟು ಬಂದಿದ್ದೇನೆಂದು ನೆನಪಿಸಿಕೊಳ್ಳುತ್ತಿದ್ದೆ. ಬೀಗ ತೆಗೆಯಲು ಎರಡು ಸಲ ಬೇರೆ ಕೀಲಿ ಹಾಕಿದೆ. ಒಳಗೆ ಇದ್ದ ಎರಡು ಕುರ್ಚಿಯಲ್ಲಿ ಒಂದರ ಮೇಲೆ ಒಗೆದ ಬಟ್ಟೆಯ ರಾಶಿ, ಅದು ಯಾವಾಗಲೂ ಅಲ್ಲೇ. ಅಕ್ಕಾರ ಅದನ್ನು ಎತ್ತಿ ಮಂಚದ ಮೇಲಿಟ್ಟು, ಕೂತು, ಒಂದೊಂದೇ ಮಡಚತೊಡಗಿದರು. ಬೇಡವೆಂದರೆ ಕೇಳಲಿಲ್ಲ.

"ಗಾಳಿ ಚಲೋ ಬರತೈತಿ" ಎಂದರು. ಆಮೇಲೆ ಮೇಲೆ ನೋಡಿ, "ಆ ಫ್ಯಾನು ಯಾವಾಗಿಂದ ಹಂಗ ಸಪ್ಪಳ ಮಾಡತೈತ್ರಿ?"

ಅದು ಸಪ್ಪಳ ಮಾಡುತ್ತದೆಂದು ನನಗೆ ಗೊತ್ತಾದದ್ದೇ ಆಗ. ಕಿವಿಗೊಟ್ಟು ಕೇಳಿದೆ. ಹೌದು, ಕಟಕಟ ಎನ್ನುತ್ತಿತ್ತು, ಜೋರಾಗಿಯೇ.

"ಚಹಾ ಮಾಡ್ತೀನಿ" ಎಂದು ಅಡಿಗೆಮನೆಗೆ ಹೋದೆ. ಹೊರಗಿನಿಂದ ಅವರು ಮಾತಾಡುತ್ತಲೇ ಇದ್ದರು, ಮೊಣಕಾಲಿನ ಎಣ್ಣೆಯ ಬಗ್ಗೆ, ಉತ್ತತ್ತಿ ತಿಂದವನು ಯಾರಿರಬಹುದೆಂಬ ಬಗ್ಗೆ. ನಾನು ಒಳಗಿನಿಂದ ಹ್ಞೂಂಗುಡುತ್ತಿದ್ದೆ. ಆ ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮಾತು ಹೋಗದೆ ಎಷ್ಟು ಕಾಲವಾಗಿತ್ತೋ. ದನಿ ಎಷ್ಟು ಎತ್ತಬೇಕೆಂಬ ಅಂದಾಜು ತಪ್ಪಿ ಒಮ್ಮೆ ಜೋರಾಗಿ ಕೂಗಿಬಿಟ್ಟೆ. ಹಾಲು ಒಡೆದಿರಬಹುದಿತ್ತು, ಒಡೆದಿರಲಿಲ್ಲ. ಸಿಲಿಂಡರ್ ಖಾಲಿಯಾಗಿರಬಹುದಿತ್ತು, ಆಗಿರಲಿಲ್ಲ. ಅವರು ಕೈಗಡಿಯಾರ ನೋಡಿ ಎದ್ದುಬಿಡಬಹುದಿತ್ತು, ಏಳಲಿಲ್ಲ.

ಎರಡು ಕಪ್ಪು ತೊಳೆದು, ಒರೆಸಿ, ಪಕ್ಕಪಕ್ಕ ಇಟ್ಟು ಸೋಸಿದೆ. ಒಂದು ಕಪ್ಪು ತುಂಬಿತು. ಪಾತ್ರೆ ಬಗ್ಗಿಸಿದೆ, ಏನೂ ಬೀಳಲಿಲ್ಲ. ದಿನವೂ ಇಡುವಷ್ಟೇ ನೀರಿಟ್ಟಿದ್ದೆ.